ಒಂದೇ ಜೇಬಿನಲ್ಲಿ ಎರಡು ಕಾರ್ಡು

೧

ಬೆಳಿಗ್ಗೆ ಎಂಟರೊಳಗೆ ಹದಿನೆಂಟು ನೀರಿನ ಬಾಟಲಿ ತೊಳೆಯಬೇಕು. ಉಳಿದ ನೀರು ಚೆಲ್ಲಿ, ಒಳಗೆ ಬ್ರಷ್ಷಾಡಿಸಿ, ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಸ್ಟೀಲಿನ ಮೂತಿಗೆ ಬಾಯಿಟ್ಟು ಊದಿ (ಊದಬಾರದು ಎಂದು ನಿಯಮವಿದೆ, ಆದರೂ ಊದಿ) ಹೊಸ ನೀರು ತುಂಬಿ ತಲೆಕೆಳಗಾಗಿ ಪಂಜರಕ್ಕೆ ಸಿಕ್ಕಿಸಬೇಕು. ಮೂತಿಯ ತುದಿಗೆ ಒಂದು ಹನಿ ಬಂದು ನಿಲ್ಲುತ್ತದೆ. ಬೀಳುವುದಿಲ್ಲ. ಇಲಿ ಬಂದು ನೆಕ್ಕುತ್ತದೆ. ಇಷ್ಟೂ ಹೊತ್ತು ಯಾರೂ ಮಾತಾಡುವುದಿಲ್ಲ.

ಕಥೆ ಇಲ್ಲಿಂದ ಶುರುವಾಗಬಹುದೇ?

(ಆಗಬಹುದು ಎಂದು ನೀವು ಹೇಳಿದಿರಿ ಅಂದುಕೊಳ್ಳುತ್ತೇನೆ. ಬೇಡ ಎಂದಿದ್ದರೂ ನನಗೆ ಕೇಳಿಸುವುದಿಲ್ಲ. ಬರೆಯುವುದರಲ್ಲಿರುವ ಸುಖ ಇದೊಂದೇ.)

೧, ಇನ್ನೊಂದು ಸಲ

ಬಾಟಲಿ ತೊಳೆಯುವುದನ್ನು ಯಾರು ಓದುತ್ತಾರೆ? ಮೊದಲ ಸಾಲಿಗೇ ಸಾವು ತರಬೇಕು.

"ಆ ದಿನ ಹದಿನೈದು ಇಲಿಗಳು ಸತ್ತವು."

ನೋಡಿ, ಎಷ್ಟು ಜೋರಾಗಿದೆ. ಆದರೆ ಇದು ಮೋಸ. ಇಪ್ಪತ್ತೆಂಟನೇ ದಿನ ಅವು ಸಾಯಲೇಬೇಕು ಎಂದು ಮೊದಲ ದಿನವೇ ಕಾಗದದಲ್ಲಿ ಬರೆದಿರುತ್ತದೆ. ರಕ್ತ ತೆಗೆಯುತ್ತಾರೆ, ಲಿವರ್ ತೆಗೆದು ಸಣ್ಣ ಸೀಸೆಯಲ್ಲಿ ಮುಳುಗಿಸಿಡುತ್ತಾರೆ. ಸತ್ತದ್ದು ಸುದ್ದಿಯಲ್ಲ. ಯಾವ ಪಂಜರದ ಇಲಿ ಎಂದುಕೊಂಡು ಯಾವ ಪಂಜರದ ಇಲಿಯ ಲಿವರ್ ನೋಡಿದರು ಎನ್ನುವುದು ಸುದ್ದಿ.

ಆ ಸುದ್ದಿ ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಗೊತ್ತು ಅಂತಲೂ ಅಲ್ಲ. ಅನುಮಾನ. ಅನುಮಾನವನ್ನು ಹೇಳಬೇಕಾದವರ ಮುಂದೆ ಹೋಗಿ ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಲ್ಯಾಬಿನಲ್ಲಿ ನನ್ನ ಹೆಸರು "ಸದ್ದಿಲ್ಲ". "ಸದ್ದಿಲ್ಲ ಬಂದ್ಲಾ?" "ಬೀಗದ ಕೈ ಸದ್ದಿಲ್ಲನ ಹತ್ರ ಇರ್ಬೇಕು ನೋಡು." ನನಗೆ ಬೇಜಾರಿಲ್ಲ. ಕರೆದರೆ ತಿರುಗಿ ನೋಡುತ್ತೇನೆ, ಅಷ್ಟು ಸಾಕು ಅವರಿಗೆ.

ಶುಕ್ರವಾರ ರಿಪೋರ್ಟು ಹೋಗುತ್ತದೆ. ಇವತ್ತು ಸೋಮವಾರ. ಅಷ್ಟರೊಳಗೆ ಈ ಕಥೆ ಮುಗಿಯಬೇಕು, ಅಥವಾ ನಾನು ಬಾಯಿ ಬಿಡಬೇಕು.

೨

ಕಥೆ ಅಂದಮೇಲೆ ಅದರಲ್ಲೊಬ್ಬಳು ಇರಬೇಕಲ್ಲ. ಅವಳು ಹೇಗಿದ್ದಾಳೆ? ಇಪ್ಪತ್ತೆರಡು ವರ್ಷ, ಬಿಳಿ ಕೋಟು, ಅದು ಒಂದು ಅಳತೆ ದೊಡ್ಡದು, ಯಾಕೆಂದರೆ ಅದು ಅವಳ ಅಮ್ಮನದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅಮ್ಮನ ಮಂಡಿ ಕೈಕೊಟ್ಟ ವರ್ಷವೇ ಅದು. ನಾಲ್ಕು ವರ್ಷ ಮನೆ ನೋಡಿಕೊಂಡಳು, ಆಮೇಲೆ ಅಮ್ಮನ ಜಾಗದಲ್ಲಿ ಇವಳನ್ನು ತೆಗೆದುಕೊಂಡರು.

ಇವಳು ಅವಳು ಅಂದರೆ ಯಾರೋ ಅನ್ನಿಸುತ್ತದೆ. ನಾನೇ.

ಅಮ್ಮ ಈ ಇಲಿ ಕೋಣೆಯ ನೆಲವನ್ನು ಹದಿನೆಂಟು ವರ್ಷ ಮಂಡಿಯೂರಿ ಒರೆಸಿದಳು. ಉದ್ದ ಕೋಲಿನ ಒರೆಸುವ ಬಟ್ಟೆ ಬಂದದ್ದು ಅವಳು ಬಿಟ್ಟಮೇಲೆ. "ನನ್ನ ಮಂಡಿ ಹೋದ್ಮೇಲೆ ಇವರಿಗೆ ಬುದ್ಧಿ ಬಂತು" ಅನ್ನುತ್ತಾಳೆ.

ಅವಳು ನನಗೆ ಕೊಟ್ಟದ್ದು ಎರಡು: ಕೋಟು, ಮತ್ತು ಜೇಬಿನ ಉಪಾಯ. ಪ್ರತಿ ಪಂಜರಕ್ಕೂ ಒಂದು ಕಾರ್ಡು ನೇತುಹಾಕಿರುತ್ತದೆ. ಪಂಜರ ತೊಳೆಯುವಾಗ ಇಲಿಗಳನ್ನು ತೊಳೆದಿಟ್ಟ ಪಂಜರಕ್ಕೆ ದಾಟಿಸಿ, ಕಾರ್ಡನ್ನೂ ಅಲ್ಲಿಗೆ ದಾಟಿಸಬೇಕು. ನಿಯಮದ ಪುಸ್ತಕದ ಪ್ರಕಾರ ಒಂದು ಸಲಕ್ಕೆ ಒಂದೇ ಪಂಜರ. ಹಾಗೆ ಮಾಡುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ. ಅಮ್ಮನ ಉಪಾಯ ಬೇರೆ.

"ಒಂದ್ಸಲಕ್ಕೆ ಎರಡು. ಎಡಗಡೆ ಪಂಜರದ ಕಾರ್ಡು ಎಡ ಜೇಬಿಗೆ, ಬಲಗಡೆದು ಬಲ ಜೇಬಿಗೆ. ಮೂರನೇದು ಮುಟ್ಟಿದ್ಯೋ, ಕೈ ಮುರಿತೀನಿ. ಮೂರನೇ ಜೇಬು ಎಲ್ಲಿದೆ ನಿನಗೆ?"

ಹದಿನೆಂಟು ವರ್ಷದಲ್ಲಿ ಅವಳ ಕಾರ್ಡು ಒಂದೂ ತಪ್ಪಲಿಲ್ಲ. ಅವಳ ಹತ್ತಿರ ಆಗ ಫೋನು ಇರಲಿಲ್ಲ.

(ಈ ಸಾಲನ್ನು ನೆನಪಿಟ್ಟುಕೊಳ್ಳಿ. ಅಥವಾ ಬೇಡ. ಹೇಗೂ ನಾಲ್ಕನೇ ಭಾಗದಲ್ಲಿ ಹೇಳಿಬಿಡುತ್ತೇನೆ. ಗುಟ್ಟು ಇಟ್ಟುಕೊಂಡು ಇಟ್ಟುಕೊಂಡು ನನಗೆ ಸಾಕಾಗಿದೆ.)

ಇನ್ನೊಂದು ಮಾತು. ನನಗೆ ಕಥೆ ಬರೆಯಲು ಯಾರೂ ಕಲಿಸಿಲ್ಲ. ಲ್ಯಾಬಿನಲ್ಲಿ ಗಾಜು ಒರೆಸಲು ಹಳೇ ವಾರಪತ್ರಿಕೆ ಕೊಡುತ್ತಾರೆ. ಒರೆಸುವ ಮೊದಲು ಓದುತ್ತೇನೆ. ಅವು ಅರ್ಧಕ್ಕೆ ಹರಿದಿರುತ್ತವೆ. ನಾನು ಓದಿದ ಕಥೆಗಳಲ್ಲಿ ಮುಕ್ಕಾಲಿಗೆ ಕೊನೆಯೇ ಇಲ್ಲ. ಇದನ್ನು ಬರೆಯುತ್ತಿರುವುದು ಇಲಿಗಳ ತೂಕದ ಹಳೇ ಹಾಳೆಗಳ ಬೆನ್ನಿಗೆ. ನಿಮಗೆ ನಡುವೆ ಎಲ್ಲಾದರೂ "ಇನ್ನೂರ ಹನ್ನೆರಡು ಗ್ರಾಂ" ಎಂದು ಹಿಂದಿನಿಂದ ಮಸುಕಾಗಿ ಕಂಡರೆ ಅದು ಕಥೆಯ ಭಾಗವಲ್ಲ.

೩

ಎಲೆಗೆ ಹೆಸರಿದೆ. ಎರಡು ಹೆಸರಿದೆ, ಒಂದು ಮೇಡಂ ಬಾಯಿಗೆ ಮಾತ್ರ ಬರುವಂಥದ್ದು. ನಾನು ಎರಡನ್ನೂ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ನಿಮ್ಮಲ್ಲಿ ಯಾರಾದರೂ ಕಿತ್ತು ಕುದಿಸಿ ಕುಡಿದುಬಿಡುತ್ತೀರಿ. ಜನ ಹಾಗೇ. ನಾನೇ ಹಾಗೆ.

ಮೇಡಂ ಅಂದರೆ ಈ ಎಲೆಯ ಪರೀಕ್ಷೆ ನಡೆಸುವವರು. ತೆಳ್ಳಗಿದ್ದಾರೆ, ಪೆನ್ನಿನ ಕ್ಯಾಪು ಕಚ್ಚುತ್ತಾರೆ, ಊಟದ ಡಬ್ಬಿ ತೆರೆಯಲು ಮರೆಯುತ್ತಾರೆ. ಲ್ಯಾಬಿನ ಹಿಂದಿನ ಜಾಗದಲ್ಲಿ ಗಿಡ ಬೆಳೆಸಿದ್ದಾರೆ. ಎಲೆ ಕೀಳುವುದು, ನೆರಳಲ್ಲಿ ಒಣಗಿಸುವುದು, ಪುಡಿ ಮಾಡಿ ಜರಡಿ ಹಿಡಿಯುವುದು ನನ್ನ ಕೆಲಸ. ಅದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಇಂಗಿಸಿ, ಡಾಂಬರಿನಂಥ ಕಡುಹಸಿರು ಸಾರ ತೆಗೆಯುವುದು ಅವರ ಕೆಲಸ. ಗಂಟುನೋವಿಗೆ ಔಷಧಿ ಆಗಬಹುದು ಅನ್ನುವುದು ಅವರ ಎರಡು ವರ್ಷದ ಆಸೆ. ಅದಕ್ಕೂ ಮೊದಲು ಅದು ವಿಷವಲ್ಲ ಎಂದು ತೋರಿಸಬೇಕು.

ಅದಕ್ಕೆ ಮೂರು ಪಂಜರ, ಒಂದೊಂದರಲ್ಲಿ ಐದು ಬಿಳಿ ಇಲಿ. ಹನ್ನೊಂದನೇ ನಂಬರಿಗೆ ಬರೀ ನೀರು. ಹನ್ನೆರಡಕ್ಕೆ ಸ್ವಲ್ಪ ಸಾರ. ಹದಿಮೂರಕ್ಕೆ ಹೆಚ್ಚು ಸಾರ. ದಿನಾ ಬೆಳಿಗ್ಗೆ ಮೇಡಂ ಬಗ್ಗಿದ ಸ್ಟೀಲಿನ ಕೊಳವೆಯಿಂದ ಒಂದೊಂದರ ಬಾಯಿಗೂ ಹಾಕುತ್ತಾರೆ. ಕಾರ್ಡಿನ ಮೇಲೆ ನಂಬರು ಮಾತ್ರ ಇರುತ್ತದೆ, ಯಾವುದಕ್ಕೆ ಏನು ಎಂದು ಬರೆದಿರುವುದಿಲ್ಲ. ಆದರೆ ಸಿರಿಂಜಿನಲ್ಲಿರುವುದು ನೀರೋ ಹಸಿರೋ ಎಂದು ತಿಳಿಯಲು ಕಾಲೇಜು ಓದಬೇಕಾಗಿಲ್ಲ. ಇಪ್ಪತ್ತೆಂಟು ದಿನ ಹೀಗೆ ಹಾಕಿ, ಆಮೇಲೆ ಹದಿಮೂರರ ಲಿವರನ್ನು ಹನ್ನೊಂದರ ಲಿವರ್ ಜೊತೆ ಹೋಲಿಸಿ ನೋಡುತ್ತಾರೆ. ಬರೀ ನೀರಿನ ಪಂಜರಕ್ಕಿಂತ ಕೆಟ್ಟಿಲ್ಲ ಅಂದರೆ ಎಲೆ ಪಾಸು.

ಈಗ ನನ್ನ ಮೊದಲ ತಪ್ಪು. ಜರಡಿಯ ಕೆಳಗೆ ಬೀಳುವ ನುಣುಪು ದೂಳು ಯಾರಿಗೂ ಬೇಡ, ಸೋಸುವಾಗ ಕಟ್ಟಿಕೊಳ್ಳುತ್ತದೆ ಎಂದು ಎಸೆಯಲು ಹೇಳುತ್ತಾರೆ. ನಾನು ಎಸೆಯಲಿಲ್ಲ. ಕಾಗದದಲ್ಲಿ ಕಟ್ಟಿ ಮನೆಗೆ ಒಯ್ದೆ. ಅಮ್ಮ ದಿನಾ ಬೆಳಿಗ್ಗೆ ಒಂದು ಚಮಚ ಬಿಸಿನೀರಿಗೆ ಹಾಕಿ ಕುಡಿಯತೊಡಗಿದಳು.

"ಇಲಿಗಳಿಗೆ ಏನೂ ಆಗಿಲ್ಲ ತಾನೆ?" ಮೊದಲ ದಿನ ಕೇಳಿದಳು.

"ಇಲಿಗಳಿಗೆ ಇನ್ನೂ ಶುರುನೇ ಮಾಡಿಲ್ಲಮ್ಮ."

"ಹಾಗಾದ್ರೆ ನಾನೇ ಮೊದಲ್ನೇ ಇಲಿ" ಎಂದು ನಕ್ಕು ಗಟಗಟ ಕುಡಿದಳು.

೪

ಈ ಭಾಗವನ್ನು ಐದು ಸಲ ಬರೆದಿದ್ದೇನೆ. ಒಂದರಲ್ಲಿ ಕರೆಂಟು ಹೋಗಿತ್ತು. ಒಂದರಲ್ಲಿ ನನಗೆ ಜ್ವರ ಬಂದಿತ್ತು. ಒಂದರಲ್ಲಿ ಮೇಡಂ ಹಿಂದಿನಿಂದ ಕೂಗಿದ್ದರು. ಎಲ್ಲ ಸುಳ್ಳು. ಕರೆಂಟಿತ್ತು, ಮೈ ತಣ್ಣಗಿತ್ತು, ಯಾರೂ ಕೂಗಲಿಲ್ಲ. ನಾನು ಸಂತೋಷವಾಗಿದ್ದೆ, ಅಷ್ಟೆ.

ಹದಿನಾಲ್ಕನೇ ದಿನ. ಹನ್ನೆರಡನ್ನು ಮೊದಲೇ ತೊಳೆದಿಟ್ಟಿದ್ದೆ. ಹನ್ನೊಂದು, ಹದಿಮೂರು ಉಳಿದಿದ್ದವು. ಎರಡರ ಇಲಿಗಳನ್ನೂ ತೊಳೆದಿಟ್ಟ ಪಂಜರಗಳಿಗೆ ದಾಟಿಸಿ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದೆ. ಹನ್ನೊಂದರ ಕಾರ್ಡು ಎಡ ಜೇಬಿನಲ್ಲಿ, ಹದಿಮೂರರದು ಬಲ ಜೇಬಿನಲ್ಲಿ. ಎಡ ಜೇಬಿನಲ್ಲಿ ಫೋನೂ ಇತ್ತು. ಅದು ಗುರ್‍ ಎಂದಿತು.

ಅಮ್ಮ ಕೆಲಸದ ಹೊತ್ತಿನಲ್ಲಿ ಎಂದೂ ಫೋನ್ ಮಾಡುವವಳಲ್ಲ. ಬಿದ್ದಳು ಅಂದುಕೊಂಡೆ. ಒದ್ದೆ ಕೈಯಲ್ಲೇ ಫೋನು ಎಳೆದೆ. ಜೊತೆಗೆ ಕಾರ್ಡೂ ಬಂತು. ತೊಟ್ಟಿಗೆ ಬೀಳುವುದರಲ್ಲಿತ್ತು, ಹಿಡಿದು ಇನ್ನೊಂದು ಜೇಬಿಗೆ ತುರುಕಿದೆ.

"ಎಲ್ಲಿದೀನಿ ಹೇಳು ನೋಡೋಣ."

"ಅಮ್ಮ, ಏನಾಯ್ತು? ಕೈ ಒದ್ದೆಯಿದೆ."

"ಎಲ್ಲಿದೀನಿ ಹೇಳೇ ಅಂದ್ರೆ."

"ಮನೇಲಿ."

"ಟೆರೇಸ್ ಮೇಲೆ! ಒಬ್ಬಳೇ ಹತ್ತಿ ಬಂದೆ. ಮೂವತ್ತೆಂಟು ಮೆಟ್ಟಿಲು. ಕೆಳಗಿನ ಮನೆಯವಳು ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ಲು, ಕಾಗೆ ಗೂಡು ಕಟ್ಟಬಹುದಿತ್ತು ಅವಳ ಬಾಯಲ್ಲಿ. ಎಂಟು ವರ್ಷ ಆಯ್ತಲ್ಲೇ ನಾನಿಲ್ಲಿ ಬಂದು? ಯಾರೋ ಹಗ್ಗ ಕಟ್ಟಿದಾರೆ. ನಮ್ಮ ಬಟ್ಟೆ ಎಲ್ಲಿ ಒಣಗಿಸ್ತೀಯ ನೀನು, ಈ ಮೂಲೇಲಾ? ಗಾಳಿ ಕೇಳಿಸ್ತಾ?"

ಫೋನನ್ನು ಗಾಳಿಗೆ ಹಿಡಿದಳು. ಭರ್‍ ಎಂದು ಕೇಳಿಸಿತು. ನಾನು ಇಲಿ ಕೋಣೆಯಲ್ಲಿ ನಿಂತು ನಮ್ಮ ಟೆರೇಸಿನ ಗಾಳಿ ಕೇಳಿದೆ. ಕಣ್ಣಲ್ಲಿ ನೀರು ಬಂತು.

ಫೋನು ಇಟ್ಟಮೇಲೆ ಕಣ್ಣು ಒರೆಸಿಕೊಂಡು ಎಡ ಜೇಬಿಗೆ ಕೈ ಹಾಕಿದೆ. ಕಾರ್ಡಿಲ್ಲ. ಬಲ ಜೇಬಿಗೆ ಹಾಕಿದೆ. ಎರಡೂ ಅಲ್ಲೇ ಇದ್ದವು, ಬೆನ್ನಿಗೆ ಬೆನ್ನು ಅಂಟಿಕೊಂಡು. ಹನ್ನೊಂದು. ಹದಿಮೂರು. ಕಟ್ಟೆಯ ಮೇಲೆ ಎರಡು ಪಂಜರ. ಹತ್ತು ಬಿಳಿ ಇಲಿ, ಇಪ್ಪತ್ತು ಕೆಂಪು ಕಣ್ಣು. ಎಡಗಡೆಯಿದ್ದ ಪಂಜರವನ್ನು ಕಟ್ಟೆಯ ಮೇಲೂ ಎಡಕ್ಕೇ ಇಟ್ಟಿದ್ದೆನೋ? ಯಾವಾಗಲೂ ಇಡುತ್ತೇನೆ. ಆ ದಿನ ಇಟ್ಟಿದ್ದೆನೋ?

ಬಾಲದ ಮೇಲೆ ಮಾರ್ಕರ್ ಗೆರೆ ಇರುತ್ತದಲ್ಲ ಎಂದು ಕೇಳುತ್ತೀರಿ. ಇರುತ್ತದೆ. ಪ್ರತಿ ಪಂಜರದಲ್ಲೂ ಒಂದು ಗೆರೆಯವನು, ಎರಡು ಗೆರೆಯವನು, ಹೀಗೆ ಐದು ಗೆರೆಯವರೆಗೆ. ಪಂಜರದ ನಂಬರು ಬಾಲದ ಮೇಲಿಲ್ಲ. ಅದಕ್ಕೇ ಕಾರ್ಡು.

ಸಿಕ್ಕ ಕಾರ್ಡನ್ನು ಹತ್ತಿರದ ಪಂಜರಕ್ಕೆ ಹಾಕಿದೆ. ಉಳಿದದ್ದನ್ನು ಉಳಿದದ್ದಕ್ಕೆ. ಕಾರ್ಡು ಹೇಳಿದ ಕಡೆ ಪಂಜರ ಇಟ್ಟೆ. ಸರಿಯಾಗಿಯೇ ಇದೆ ಅಂದುಕೊಂಡೆ. ಅಮ್ಮ ಟೆರೇಸಿನ ಮೇಲಿದ್ದಳು. ಆ ದಿನ ಲೋಕದಲ್ಲಿ ಯಾವುದೂ ತಪ್ಪಾಗಿರಲು ಸಾಧ್ಯವಿರಲಿಲ್ಲ.

೫

ಹದಿನೈದನೇ ದಿನದ ಬೆಳಿಗ್ಗೆ. ಬಾಟಲಿ. (ಅದಕ್ಕೇ ಬಾಟಲಿಯಿಂದ ಶುರು ಮಾಡಿದ್ದು. ಈಗ ಕ್ಷಮಿಸುತ್ತೀರಿ ತಾನೆ?)

ಅಷ್ಟು ದಿನವೂ ಹದಿಮೂರರ ಬಾಟಲಿಯಲ್ಲಿ ಅರ್ಧ ನೀರು ಉಳಿಯುತ್ತಿತ್ತು. ಹೆಚ್ಚು ಸಾರ ಕುಡಿದ ಇಲಿಗಳು ನೀರು ಕಡಿಮೆ ಕುಡಿಯುತ್ತಿದ್ದವು, ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂರುತ್ತಿದ್ದವು. ಹನ್ನೊಂದರದು ತಳ ಕಾಣುತ್ತಿತ್ತು. ಉಳಿದ ನೀರನ್ನು ಅಳೆಯಿರಿ ಎಂದು ಯಾರೂ ಹೇಳಿಲ್ಲ, ಬರೆದಿಡುವ ಪುಸ್ತಕವೂ ಇಲ್ಲ. ಅದು ನನ್ನ ಕೈಗೆ ಗೊತ್ತು. ಹದಿಮೂರನ್ನು ಎತ್ತಿದರೆ ಭಾರ, ಹನ್ನೊಂದು ಹಗುರ.

ಆ ಬೆಳಿಗ್ಗೆ ಹನ್ನೊಂದು ಭಾರವಿತ್ತು. ಹದಿಮೂರು ಖಾಲಿ.

ಮೂತಿಗೆ ಕಸ ಸಿಕ್ಕಿರಬೇಕು ಎಂದುಕೊಂಡು ಊದಿದೆ. ಕಸವಿರಲಿಲ್ಲ. ಮೇಡಂ ಬಂದು ಹದಿಮೂರರ ಐದಕ್ಕೂ ಹಸಿರು ಹಾಕುವುದನ್ನು ಕೈಯಲ್ಲಿ ಬಾಟಲಿ ಹಿಡಿದು ನೋಡುತ್ತಾ ನಿಂತೆ. ಐದರಲ್ಲಿ ಒಂದು ಅವರ ಕೈಯಲ್ಲಿ ಒದ್ದಾಡಿತು, ಕೊಳವೆ ಎಂದರೇನು ಎಂದು ಗೊತ್ತಿದ್ದೂ ಅದರಲ್ಲಿ ಬರುವ ಕಹಿ ಗೊತ್ತಿಲ್ಲದ ಇಲಿಯ ಹಾಗೆ. ಅಥವಾ ನನಗೆ ಹಾಗೆ ಕಂಡಿತು.

"ಏನು?" ಎಂದರು ಮೇಡಂ, ನಾನು ನೋಡುತ್ತಿರುವುದನ್ನು ನೋಡಿ.

ತಲೆ ಅಲ್ಲಾಡಿಸಿದೆ. ಏನಿಲ್ಲ.

ಆ ದಿನ ಹೇಳಿದ್ದರೆ ಹದಿನಾಲ್ಕು ದಿನದ ಕೆಲಸ ಹಾಳಾಗುತ್ತಿತ್ತು. ಹೇಳಲಿಲ್ಲ, ಇಪ್ಪತ್ತೆಂಟು ದಿನದ್ದು ಹಾಳಾಯಿತು. ವಾರದ ತೂಕ ನೋಡಿ ಮೇಡಂ ಖುಷಿಪಟ್ಟರು. "ಹದಿಮೂರು ಚೇತರಿಸಿಕೊಂಡಿದೆ ನೋಡು. ಮೈ ಒಗ್ಗಿಸಿಕೊಳ್ತು." ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸಿದೆ.

೬

"ಒಂದ್ನಿಮಿಷ. ನನ್ನನ್ನ ಯಾಕೆ ಪೆದ್ದಿ ಮಾಡ್ತಿದೀಯ?"

(ಇದು ಮೇಡಂ. ಕಥೆಯ ಮೇಡಂ. ಕರೆಯದೇ ಬಂದರು.)

"ಮಾಡ್ತಿಲ್ಲ ಮೇಡಂ. ನಡೆದದ್ದು ಬರೀತಿದೀನಿ."

"ನೋಡು, ಕಾಗದದ ಮೇಲೆ ಎಷ್ಟು ಬೇಗ ಉತ್ತರ ಕೊಡ್ತೀಯ. ಎದುರಿಗೆ ಬಂದ್ರೆ ನನ್ನ ಚಪ್ಪಲಿ ನೋಡ್ತೀಯ. ಸರಿ, ನಿನ್ನ ಹತ್ರ ಏನಿದೆ? ಬಾಟಲಿ ಅಳತೆ ಬರೆದಿಟ್ಟಿದೀಯಾ?"

"ಇಲ್ಲ."

"ಕಾರ್ಡು ಅದಲುಬದಲಾಗಿದ್ದನ್ನ ಕಣ್ಣಾರೆ ನೋಡಿದ್ಯಾ?"

"ನೋಡಿದ್ರೆ ಬದಲಾಗ್ತಿರ್ಲಿಲ್ಲ ಮೇಡಂ."

"ಹಾಗಾದ್ರೆ ನಿನ್ನ ಹತ್ರ ಇರೋದು ಒಂದು ಭಾರ. ಕೈಯ ಭಾರ. ಅದನ್ನ ರಿಪೋರ್ಟಿನ ಯಾವ ಕಾಲಂಗೆ ಹಾಕ್ಲಿ ಹೇಳು?"

ಕಾಗದದ ಮೇಲೂ ನನಗೆ ಅಂಥ ಕಾಲಂ ಸಿಗಲಿಲ್ಲ. ಅದಕ್ಕೆ ಅವರನ್ನು ಇಲ್ಲಿಂದ ಕಳಿಸಿ, ನಿಜವಾದ ಮೇಡಂ ಇಪ್ಪತ್ತೊಂಬತ್ತನೇ ದಿನ ಏನಂದರು ಎನ್ನುವುದನ್ನಷ್ಟೇ ಬರೆಯುತ್ತೇನೆ.

ರಕ್ತದ ರಿಸಲ್ಟು ಬಂದಿತ್ತು. ಲಿವರಿಗೆ ಏಟು ಬಿದ್ದರೆ ಏರುವ ಒಂದು ಸಂಖ್ಯೆ ಇದೆ. ಹನ್ನೆರಡರಲ್ಲಿ ಅದು ಸರಿಯಿತ್ತು. ಹದಿಮೂರರಲ್ಲಿ ಮೇಲಿತ್ತು. ಹನ್ನೊಂದರಲ್ಲೂ ಮೇಲಿತ್ತು. ಮೇಡಂ ಪೆನ್ನಿನ ಕ್ಯಾಪು ಕಚ್ಚಿಕೊಂಡು ಎರಡೂ ಸಂಖ್ಯೆಯ ಕೆಳಗೆ ಗೆರೆ ಎಳೆದರು. ಆಮೇಲೆ ತಮಗೆ ತಾವೇ ಹೇಳಿಕೊಂಡರು: "ಬರೀ ನೀರು ಕುಡಿದವೂ ಮೇಲಿವೆ. ಅಂದ್ರೆ ಇದು ಎಲೆಯಿಂದ ಅಲ್ಲ. ಎಸಿ ಕೆಟ್ಟಿತ್ತಲ್ಲ ಎರಡು ದಿನ, ಸೆಖೆದು." ನನ್ನ ಕಡೆ ತಿರುಗಿದರು. "ಕೆಟ್ಟಿತ್ತು ಅಲ್ವಾ?"

ಕೆಟ್ಟಿತ್ತು. ನಿಜ. ತಲೆ ಆಡಿಸಿದೆ. ಅದೇ ಸೆಖೆಯಲ್ಲಿದ್ದ ಹನ್ನೆರಡು ಹೇಗೆ ಸರಿಯಿತ್ತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನೀವು ನನಗಿಂತ ಹೆಚ್ಚು ಓದಿದವರು, ಆದರೂ ಹೇಳುತ್ತೇನೆ. ಮೊದಲ ಹದಿನಾಲ್ಕು ದಿನ ಒಂದು ಪಂಜರ ಕಹಿ ಕುಡಿದು, ಉಳಿದ ಹದಿನಾಲ್ಕು ದಿನ ಇನ್ನೊಂದು ಪಂಜರ ಕುಡಿದರೆ, ಕೊನೆಗೆ ಎರಡಕ್ಕೂ ಅಷ್ಟಷ್ಟು ಏಟು ಬಿದ್ದಿರುತ್ತದೆ. ಹೋಲಿಸಿದರೆ ವ್ಯತ್ಯಾಸವೇ ಇರುವುದಿಲ್ಲ. ವ್ಯತ್ಯಾಸವಿಲ್ಲ ಅಂದರೆ ಎಲೆ ಪಾಸು.

ರಿಪೋರ್ಟಿನಲ್ಲಿ ಬರೆದರು: ಹೆಚ್ಚಿನ ಪ್ರಮಾಣದಲ್ಲೂ ಸುರಕ್ಷಿತ. ಶುಕ್ರವಾರ ಕಳಿಸುತ್ತಾರೆ. ಒಪ್ಪಿಗೆ ಬಂದರೆ ಮುಂದೆ ಮಂಡಿನೋವಿನ ನಲವತ್ತು ಜನಕ್ಕೆ ಮಾತ್ರೆ ಮಾಡಿ ಕೊಡುತ್ತಾರೆ. ಜನರ ಪಟ್ಟಿ ಈಗಲೇ ತಯಾರಾಗುತ್ತಿದೆ.

೭

ಈ ಭಾಗದಲ್ಲಿ ಒಂದು ಇಲಿಗೆ ಮಾತು ಕೊಟ್ಟಿದ್ದೆ. ಹರಿದು ಹಾಕಿದೆ. ನನ್ನ ಹತ್ತಿರವೇ ಇಲ್ಲದ್ದನ್ನು ಅದಕ್ಕೆಲ್ಲಿಂದ ತಂದುಕೊಡಲಿ?

೮

ರಿಸಲ್ಟು ಬಂದ ಮಾರನೇ ದಿನದಿಂದ ಅಮ್ಮನ ಕಣ್ಣು ನೋಡತೊಡಗಿದೆ. ಲಿವರ್ ಕೆಟ್ಟರೆ ಕಣ್ಣಿನ ಬಿಳಿ ಹಳದಿಯಾಗುತ್ತದಂತೆ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಅವಳನ್ನು ಕೂರಿಸಿ ತಲೆ ಬಾಚುವ ನೆಪದಲ್ಲಿ ಬಗ್ಗಿ ನೋಡುತ್ತೇನೆ.

"ಏನೇ ಅದು, ಕಳ್ಳನ್ನ ಗುರುತು ಹಿಡಿಯೋಳ ಹಾಗೆ ನೋಡ್ತೀಯ?"

"ಕಣ್ಣಲ್ಲಿ ಕಸ."

"ದಿನಾ ಕಸಾನಾ?"

ಬಿಳಿಯಾಗಿಯೇ ಇತ್ತು. ಮಧ್ಯಾಹ್ನ ನೆನಪಿಸಿಕೊಂಡರೆ ಹಳದಿಯಾಗಿತ್ತು ಅನ್ನಿಸುತ್ತಿತ್ತು. ಸಂಜೆ ಓಡಿ ಬಂದು ನೋಡಿದರೆ ಬಿಳಿ.

ಕುಡಿಯಬೇಡ ಎಂದು ಹೇಳಬೇಕು. ಹೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಜೇಬಿನ ಕಥೆ ಹೇಳಬೇಕು, ಫೋನಿನ ಕಥೆ ಹೇಳಬೇಕು. ಹೇಳಲಾರದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಅಂಗಡಿಯಿಂದ ತಂದ ಸೊಪ್ಪನ್ನು ಒಣಗಿಸಿ, ಪುಡಿ ಮಾಡಿ, ಅವಳ ಡಬ್ಬಿಯಲ್ಲಿ ತುಂಬಿಸಿಟ್ಟೆ. ನಿಜವಾದದ್ದನ್ನು ಬಟ್ಟೆಗಳ ಕೆಳಗೆ ಬಚ್ಚಿಟ್ಟೆ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಅವಳು ಹನ್ನೊಂದನೇ ಮೆಟ್ಟಿಲಿನ ಮೇಲೆ ನಿಂತುಬಿಟ್ಟಳು. (ಮೆಟ್ಟಿಲು ಹನ್ನೊಂದೇ. ಕಥೆಗೆಂದು ಹೊಂದಿಸಿದ್ದಲ್ಲ.) ಮೇಲೂ ಹೋಗಲಾರಳು, ಕೆಳಗೂ ಬರಲಾರಳು. ಕೊನೆಗೆ ಕೂತುಕೊಂಡು ಒಂದೊಂದೇ ಮೆಟ್ಟಿಲು ಜಾರುತ್ತಾ ಇಳಿದಳು. ನಾನು ಹಿಂದೆ ಅವಳ ಚಪ್ಪಲಿ ಹಿಡಿದು ಬಂದೆ.

ಅಂದರೆ ಎಲೆ ಕೆಲಸ ಮಾಡುತ್ತಿತ್ತು. ಇದು ಬೇರೆ ನನಗೆ ಗೊತ್ತಾಗಬೇಕಿತ್ತು.

ಐದನೇ ದಿನ ಅವಳು ಚಮಚವನ್ನು ಮೂಗಿನ ಹತ್ತಿರ ಹಿಡಿದಳು. ನಾಲಿಗೆಯ ತುದಿಗೆ ಮುಟ್ಟಿಸಿದಳು. ಲೋಟ ಕೆಳಗಿಟ್ಟಳು.

"ಇದು ಆ ಎಲೆ ಅಲ್ಲ."

ನಾನು ಪಾತ್ರೆ ಉಜ್ಜುತ್ತಿದ್ದೆ. ಉಜ್ಜುತ್ತಲೇ ಇದ್ದೆ.

"ಹದಿನೆಂಟು ವರ್ಷ ಅದೇ ಲ್ಯಾಬಲ್ಲಿ ಇದ್ದೋಳು ನಾನು. ಒಬ್ಬರಿಗೆ ಮದ್ದು, ಒಬ್ಬರಿಗೆ ಬರೀ ನೀರು, ಯಾರಿಗೂ ಹೇಳಲ್ಲ. ಗೊತ್ತಿಲ್ವಾ ನನಗೆ? ನನ್ನನ್ನೂ ಪಂಜರಕ್ಕೆ ಹಾಕಿದ್ಯಾ?" ದನಿ ಏರಿಸಲಿಲ್ಲ. "ಹಾಕೋದು ಹಾಕಿದ್ಯಲ್ಲ, ಬರೀ ನೀರಿನ ಪಂಜರಕ್ಕಾ ಹಾಕೋದು?"

೯

ಅವಳಿಗೆ ಓದಲು ಬರುವುದಿಲ್ಲ. ನನಗೆ ಹೇಳಲು ಬರುವುದಿಲ್ಲ. ಅದಕ್ಕೇ ಈ ಹಾಳೆಗಳನ್ನು ತಂದು ಎದುರಿಗೆ ಕೂತು ಓದಿದೆ. ಇದು ನಿನ್ನೆ, ಬುಧವಾರ, ಸಂಜೆ ಬೆಳಕಿರುವಾಗ. ಬರೆದದ್ದನ್ನು ಓದುವಾಗ ನನ್ನ ದನಿ ಬೇರೆ ಯಾರದೋ ಹಾಗಿತ್ತು, ಸ್ಪಷ್ಟವಾಗಿತ್ತು.

ಮೊದಲಿಗೆ ತಿದ್ದುತ್ತಾ ಹೋದಳು. "ನನ್ನ ಮಂಡಿ ವಿಷಯ ಊರಿಗೆಲ್ಲ ಯಾಕೆ ಹೇಳ್ತೀಯ?" "ಕೈ ಮುರಿತೀನಿ ಅಂತ ನಾನು ಯಾವತ್ತೂ ಅಂದಿಲ್ಲ. ಬೆರಳು ಅಂದಿದ್ದೆ." "ಮೂವತ್ತೆಂಟಲ್ಲ, ನಲವತ್ತು ಮೆಟ್ಟಿಲು. ಬರೆದ್ರೆ ಸರಿಯಾಗಿ ಬರಿ." (ಮೂವತ್ತೆಂಟೇ. ಇಳಿದು ಬಂದವಳಿಗೆ ಹೆಚ್ಚು ಅನ್ನಿಸಿರಬೇಕು.)

ನಾಲ್ಕನೇ ಭಾಗದಲ್ಲಿ ಆ ಮೆಟ್ಟಿಲು ದಾಟಿದಮೇಲೆ ತಿದ್ದುವುದು ಬಿಟ್ಟಳು. ಗಾಳಿಗೆ ಫೋನು ಹಿಡಿದದ್ದನ್ನು ಓದಿದೆ. ಜೇಬು ಓದಿದೆ. ಬಾಟಲಿ, ರಿಸಲ್ಟು, ನಲವತ್ತು ಜನ, ಎಲ್ಲ ಓದಿದೆ. ಹಾಳೆ ಮುಗಿಯಿತು. ಅವಳು ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

"ಫೋನ್ ಮಾಡಿದ್ದು ನಾನು."

"ಅದಕ್ಕಲ್ಲಮ್ಮ."

"ಜೇಬಿನ ಬುದ್ಧಿ ಹೇಳಿಕೊಟ್ಟೋಳೂ ನಾನೇ. ಹೋಗಿ ಹಾಗೇ ಹೇಳು. ಅಮ್ಮ ಹೇಳಿಕೊಟ್ಟಿದ್ದು ಅನ್ನು. ನನ್ನನ್ನೇನು ಮಾಡ್ತಾರೆ, ಕೆಲಸದಿಂದ ತೆಗೀತಾರಾ?"

ನಗು ಬಂತು ಇಬ್ಬರಿಗೂ. ಆಮೇಲೆ ನಿಂತಿತು.

"ಆ ನಲವತ್ತು ಜನಾನೂ ನನ್ನ ಹಾಗೇ ಮೆಟ್ಟಿಲು ನೋಡ್ಕೊಂಡು ಕೂತಿರ್ತಾರಲ್ವಾ?"

"ಹೂಂ."

"ಅವರಿಗೆ ಇದೆಲ್ಲ ಹೇಳಿ ಕೊಡ್ತಾರಾ?"

"ಯಾರಿಗೂ ಗೊತ್ತಿಲ್ವಲ್ಲಮ್ಮ, ಹೇಳೋಕೆ."

"ನಿನಗೆ ಗೊತ್ತಲ್ಲ."

ಬಟ್ಟೆಗಳ ಕೆಳಗೆ ಬಚ್ಚಿಟ್ಟ ಪೊಟ್ಟಣ ತರಲು ಹೇಳಿದಳು. ಎಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಕೈಯಲ್ಲಿ ಹಿಡಿದು ತೂಗಿ ನೋಡಿದಳು, ನಾನು ಬಾಟಲಿ ತೂಗುವ ಹಾಗೆ. ಕುಡಿಯುತ್ತಾಳೆ ಅಂದುಕೊಂಡೆ. ಎಸೆಯುತ್ತಾಳೆ ಅಂದುಕೊಂಡೆ. ದಿಂಬಿನ ಪಕ್ಕ ಇಟ್ಟುಕೊಂಡಳು.

"ಕೇಳಿ ಬಾ. ಇದು ಒಳ್ಳೇದೋ ಕೆಟ್ಟದ್ದೋ, ಸರಿಯಾಗಿ ನೋಡಿ ಹೇಳಿ ಅಂತ ಕೇಳು. ಅಲ್ಲಿವರೆಗೆ ಕುಡಿಯಲ್ಲ. ಮೆಟ್ಟಿಲೂ ಹತ್ತಲ್ಲ." ಆಮೇಲೆ, ನಾನು ಏಳುವಾಗ, "ಬೇಗ ಕೇಳು" ಎಂದಳು.

೧೦

ಗುರುವಾರ. ಹೇಳಲಿಲ್ಲ. ಮೂರು ಸಲ ಮೇಡಂ ಬಾಗಿಲವರೆಗೆ ಹೋಗಿ ಮೂರು ಸಲವೂ ಕಸದ ಬುಟ್ಟಿ ಎತ್ತಿಕೊಂಡು ಬಂದೆ. ಮೂರನೇ ಸಲ ಬುಟ್ಟಿ ಖಾಲಿಯಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಕೊನೆಗಳನ್ನು ಬರೆದೆ. ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ.

ಮೊದಲ ಕೊನೆ: ನಾನು ಹೇಳುತ್ತೇನೆ. ಮೇಡಂ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು "ಎಷ್ಟು ದೊಡ್ಡ ಮನಸ್ಸು ನಿಂದು" ಅನ್ನುತ್ತಾರೆ. ಹೊಸ ಇಲಿಗಳು ಬರುತ್ತವೆ. ನನಗೆ ನನ್ನ ಅಳತೆಯ ಕೋಟು ಸಿಗುತ್ತದೆ. (ಕೋಟಿನವರೆಗೆ ಬರೆದು ನನಗೇ ನಗು ಬಂತು.)

ಇನ್ನೊಂದು: ನಾನು ಹೇಳುತ್ತೇನೆ. ಮೇಡಂ ಮುಖ ಸುಣ್ಣವಾಗುತ್ತದೆ. "ಎರಡು ವರ್ಷ" ಅನ್ನುತ್ತಾರೆ, ಅಷ್ಟೇ. ದೊಡ್ಡ ಸರ್ ಬರುತ್ತಾರೆ. ಬಾಟಲಿ ತೊಳೆಯುವವಳ ಮಾತು ಕೇಳಿ ರಿಪೋರ್ಟು ನಿಲ್ಲಿಸೋದಾ ಎನ್ನುತ್ತಾರೆ. ರಿಪೋರ್ಟು ಹೋಗುತ್ತದೆ. ನಾನೂ ಹೋಗುತ್ತೇನೆ, ಬೇರೆ ಬಾಗಿಲಿನಿಂದ.

ಮತ್ತೂ ಒಂದು: ಕಾರ್ಡು ಬದಲಾಗಿರಲೇ ಇಲ್ಲ. ಎಡದ್ದು ಎಡಕ್ಕೇ ಸೇರಿತ್ತು. ಬಾಟಲಿಯ ಮೂತಿಯಲ್ಲಿ ನಿಜವಾಗಿ ಕಸವಿತ್ತು, ಎಸಿ ನಿಜವಾಗಿ ಕೆಟ್ಟಿತ್ತು, ಎಲೆ ಒಳ್ಳೆಯದು, ಅಮ್ಮ ನಾಳೆಯಿಂದ ಟೆರೇಸಿಗೆ ಹೋಗಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದ ಕೊನೆ ಇದು. ಅದಕ್ಕೇ ಇದನ್ನು ನಂಬಲು ಭಯ.

ನಾಲ್ಕನೆಯದು ಅಮ್ಮನ ಕಣ್ಣಿನದು. ಅದನ್ನು ನಾನು ಬರೆಯುವುದಿಲ್ಲ. ನೀವೂ ಊಹಿಸಬೇಡಿ, ದಯವಿಟ್ಟು.

೧೩ (ಅಥವಾ ೧೧)

ಶುಕ್ರವಾರ. ಬೆಳಿಗ್ಗೆ ಎಂಟರೊಳಗೆ ಹದಿನೆಂಟು ಬಾಟಲಿ ತೊಳೆದೆ. ಹನ್ನೊಂದು, ಹನ್ನೆರಡು, ಹದಿಮೂರು ಪಂಜರಗಳು ಖಾಲಿಯಿವೆ. ಆದರೂ ಅವುಗಳ ಬಾಟಲಿ ತೊಳೆದೆ. ನೀರು ತುಂಬಿದೆ. ಯಾರೂ ನೆಕ್ಕದ ಹನಿ ಮೂತಿಯಲ್ಲಿ ನಿಂತಿತು.

ಇಲ್ಲಿಯವರೆಗಿನದನ್ನು ಕೋಟಿನ ಎಡ ಜೇಬಿನಲ್ಲಿ ಮಡಿಚಿಟ್ಟುಕೊಂಡೆ. ಮಾತು ಬರದಿದ್ದರೆ ಇದನ್ನೇ ಮೇಜಿನ ಮೇಲಿಟ್ಟು ಬರೋಣ ಎಂದು. ಆಮೇಲೆ ಯೋಚಿಸಿದೆ: ಇದರಲ್ಲಿ ಎರಡು ಶುರು, ಮೂರು ಕೊನೆ, ಹರಿದು ಹಾಕಿದ ಒಂದು ಇಲಿ ಇದೆ. ಕಥೆ ಎಂದುಕೊಂಡು ಓದಿ ನಕ್ಕು ಪಕ್ಕಕ್ಕಿಟ್ಟರೆ? ಕಥೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಫೋನನ್ನು ಡ್ರಾಯರಿನಲ್ಲಿಟ್ಟು ಹೋದೆ.

ಮೇಡಂ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಪ್ರಿಂಟರಿನಿಂದ ರಿಪೋರ್ಟು ಒಂದೊಂದೇ ಹಾಳೆಯಾಗಿ ಹೊರಬರುತ್ತಿತ್ತು. ಮೇಜಿನ ಮೇಲೆ ಊಟದ ಡಬ್ಬಿ, ನಿನ್ನೆಯದು, ತೆರೆದಿರಲಿಲ್ಲ. ಕಪಾಟಿನಲ್ಲಿ ಹದಿನೈದು ಸೀಸೆಗಳು ನಂಬರಿನ ಪ್ರಕಾರ ಸಾಲಾಗಿದ್ದವು. ನಾನು ಹೊಸಿಲಿನ ಈಚೆ ನಿಂತೆ. ಅವರ ಚಪ್ಪಲಿ ನೋಡಿದೆ. ಆಮೇಲೆ ಬಲವಂತವಾಗಿ ಕತ್ತೆತ್ತಿ ಅವರ ಜಡೆ ನೋಡಿದೆ.

ಹೇಳಿದೆ. ಪ್ರಿಂಟರಿನ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಕೊನೆಯ ಹಾಳೆ ಬಂತು. ಪ್ರಿಂಟರು ನಿಂತಿತು. ಮೇಡಂ ಹಾಳೆಗಳನ್ನು ತೆಗೆದುಕೊಳ್ಳಲು ಚಾಚಿದ ಕೈ ಅಲ್ಲೇ ಇತ್ತು. ಅವರು ತಿರುಗಲಿಲ್ಲ.

ಇನ್ನೊಂದು ಸಲ ಹೇಳಿದೆ.

"ಮೇಡಂ, ಹನ್ನೊಂದನೇ ಪಂಜರದ ಕಾರ್ಡೂ ಹದಿಮೂರನೇದೂ ನನ್ನ ಕೈಯಲ್ಲಿ ಅದಲುಬದಲಾಗಿರಬಹುದು. ಕಳಿಸೋ ಮುಂಚೆ ಮತ್ತೆ ಒಂದ್ಸಲ ಪರೀಕ್ಷೆ ಮಾಡ್ತೀರಾ?"